ಟ್ರ್ಯಾಕ್ಟರ್ ಇಲ್ಲದ ಕಂಟ್ರಾಕ್ಟರ್

ಚಿತ್ರದುರ್ಗ
೨೦ ಜನವರಿ ೧೯೯೯, ಬುಧವಾರ

ಪ್ರೀತಿಯ ಯಜಮಾನರಿಗೆ ಚಿತ್ತಮ್ಮನ ನಮಸ್ಕಾರಗಳು.

ನಿಮ್ಮ ಮಂಡಿ ನೋವು ಹೇಗಿದೆ? ಆ ಮಲೇಬೆನ್ನೂರಿನ ಗದ್ದೆ ಬಯಲಿನಲ್ಲಿ ಈಗ ಥಂಡಿ ಜಾಸ್ತಿ. ಕಂಬಳಿಯನ್ನು ಮರಿಗಳಿಗೆ ಹೊದಿಸಿ ನೀವು ಬರಿ ಟವೆಲ್ಲಿನಲ್ಲಿ ಮಲಗುವ ಬುದ್ಧಿ ಬಿಟ್ಟಿದ್ದೀರಾ? ಬಿಟ್ಟಿರುವುದಿಲ್ಲ, ನನಗೆ ಗೊತ್ತು. ಕುರಿಗಳಿಗೆ ಕಾಲುಬಾಯಿ ಜ್ವರ ಬಂದಿಲ್ಲ ತಾನೇ? ಇಲ್ಲಿ ನಾವು ಗುಂಡುಕಲ್ಲಿನ ಹಾಗಿದ್ದೇವೆ. ಅತ್ತೆಯವರು ಜವನಗೊಂಡನಹಳ್ಳಿಯಿಂದ ಬಂದು ತಿಂಗಳಾಯಿತು, ದಿನಾ ಒಂದು ಹೊತ್ತು ನನ್ನನ್ನು ಬಯ್ದು ಆರೋಗ್ಯವಾಗಿದ್ದಾರೆ. ಈ ಕಾಗದವನ್ನು ಹೋಟೆಲಿನ ಉಗ್ರಪ್ಪನವರ ಕೈಗೆ ಕೊಟ್ಟು ಓದಿಸಬೇಡಿ. ಕೂಡಿಸಿ ಕೂಡಿಸಿ ಓದಲು ನಿಮಗೆ ಬರುತ್ತದೆ, ಸೋಮಾರಿತನ ಅಷ್ಟೇ.

ಹೊರಡುವಾಗ ನೀವು ಹೇಳಿದ ಮಾತು ನನ್ನ ಎದೆಯಲ್ಲೇ ಕೂತಿದೆ. "ಸಂಕ್ರಾಂತಿ ಕಳೀಲಿ, ದಾವಣಗೆರೆ ವ್ಯಾಪಾರಿ ಬರ್ತಾನೆ, ಮಂದೆ ಕೊಟ್ಟು ಬರ್ತೀನಿ. ನಿನಗೊಂದು ಟ್ರ್ಯಾಕ್ಟರ್ ಆಗ್ಲಿ" ಅಂದಿರಿ. ಸ್ವಂತ ಟ್ರ್ಯಾಕ್ಟರ್ ಇಲ್ಲದವರಿಗೆ ಕಂಟ್ರಾಕ್ಟರ್ ಲೈಸೆನ್ಸ್ ಸಿಗುವುದಿಲ್ಲ ಎಂದು ನಮ್ಮಿಬ್ಬರ ತಲೆಗೆ ತುಂಬಿದವನು ಆ ಕಂಟ್ರಾಕ್ಟರ್ ತಿಪ್ಪೇರುದ್ರಪ್ಪ. ತಾತನ ಕಾಲದಿಂದ ಬಂದ ಮಂದೆಯನ್ನು ನನ್ನ ಲೈಸೆನ್ಸಿಗಾಗಿ ಮಾರುತ್ತೀರಿ ಎಂದರೆ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತದೆಯೇ? ಆದರೆ ಲೈಸೆನ್ಸ್ ಇಲ್ಲದಿದ್ದರೆ ನಾನು ಇನ್ನೂ ಎಷ್ಟು ವರ್ಷ ಕಂಡವರ ಮನೆ ಮುಂದೆ ಹೂವಿನ ಕುಂಡ ಜೋಡಿಸಿಕೊಂಡಿರಲಿ? ಸರ್ಕಾರದ ಪಾರ್ಕು, ಪ್ರವಾಸಿ ಮಂದಿರ, ಆಸ್ಪತ್ರೆಯ ಅಂಗಳ ಯಾವುದಕ್ಕೂ ಟೆಂಡರ್ ಹಾಕುವ ಹಾಗಿಲ್ಲ. ಲೈಸೆನ್ಸ್ ಇದ್ದವನು ಕೆಲಸ ಹಿಡಿದು, ಅದನ್ನೇ ಅರ್ಧ ರೇಟಿಗೆ ನನ್ನಿಂದ ಮಾಡಿಸಿ, ಬೋರ್ಡಿನಲ್ಲಿ ತನ್ನ ಹೆಸರು ಬರೆಸಿಕೊಳ್ಳುತ್ತಾನೆ.

ಮಾರುಕಟ್ಟೆ ಮಾತ್ರ ಈಗ ಜೋರಾಗಿದೆ. ಹೊಳಲ್ಕೆರೆ ರಸ್ತೆಯಲ್ಲಿ ಮನೆ ಕಟ್ಟಿಸಿದವರೆಲ್ಲ ಲಾನ್ ಬೇಕು ಅನ್ನುತ್ತಾರೆ. ಹೊಸದುರ್ಗದಲ್ಲಿ ಒಂದು ಕಲ್ಯಾಣ ಮಂಟಪ, ಹಿರಿಯೂರಿನಲ್ಲಿ ಒಂದು ಪೆಟ್ರೋಲ್ ಬಂಕು, ಇಬ್ಬರೂ ಹೇಳಿ ಕಳಿಸಿದ್ದಾರೆ. ಖರ್ಚೂ ಹಾಗೇ ಏರಿದೆ. ಕೆಂಪು ಮಣ್ಣಿನ ಲಾರಿಯವನು ತಿಂಗಳಿಗೊಂದು ರೇಟು ಹೇಳುತ್ತಾನೆ, ಕೊಟ್ಟಿಗೆ ಗೊಬ್ಬರಕ್ಕಂತೂ ಚಿನ್ನದ ಬೆಲೆ, ಕೂಲಿ ಹೆಂಗಸರು ಸಹ ಕಾಫಿ ಬೇರೆ ಊಟ ಬೇರೆ ಅನ್ನುತ್ತಾರೆ. ಕೇಳಲಿ ಬಿಡಿ, ಬಿಸಿಲಿನಲ್ಲಿ ಕೂತು ಹುಲ್ಲು ನೆಡುವವರು ಅವರು. ಬೆಂಗಳೂರಿನ ಕಂಪನಿಯವರು ಎಲ್ಲವನ್ನೂ ಲಾರಿಯಲ್ಲಿ ಹೊತ್ತು ತಂದು ಚದರಡಿ ಲೆಕ್ಕದಲ್ಲಿ ಚರ್ಮ ಸುಲಿಯುತ್ತಾರೆ. ಕಾಲೇಜಿನ ಲಾನಿನ ಕೆಲಸ ಅವರ ಕೈತಪ್ಪಿ ನನಗೆ ಬಂದದ್ದು ಏಕೆಂದು ನಿಮಗೆ ಗೊತ್ತೇ ಇದೆ. ಗೊಬ್ಬರದ ಖರ್ಚೇ ಇಲ್ಲದೆ ರೇಟು ಬರೆದೆ. ನೀವು ಹೊರಡುವ ಮುಂಚೆ ಆ ಗರಸು ನೆಲದ ಮೇಲೆ ರಾತ್ರಿ ರಾತ್ರಿ ಮಂದೆ ತರುಬಿ ಮಲಗಿಸಿದಿರಿ, ಹಿಕ್ಕೆ ಗಂಜಲ ಎರಡೂ ನೆಲಕ್ಕೆ ಇಳಿಯಿತು, ನಾನು ಅಗೆಸಿ ಹುಲ್ಲು ನೆಡಿಸಿದೆ.

ಈಗ ಆಮೇಲಿನ ಕಥೆ ಕೇಳಿ, ನಗಬೇಡಿ. ಹುಲ್ಲು ಕಣ್ಣಿಗೆ ಹಬ್ಬವಾಗುವಂತೆ ಬಂತು. ಅದರ ಹಿಂದೆಯೇ ಬಂದಿತು ಬಳ್ಳಾರಿ ಜಾಲಿ! ಒಂದಲ್ಲ ಎರಡಲ್ಲ, ಇಡೀ ಲಾನಿನ ತುಂಬ ಬೆರಳುದ್ದದ ಜಾಲಿ ಸಸಿ. ನೀವು ಹಗಲೆಲ್ಲ ಕೆರೆ ಏರಿಯ ಜಾಲಿ ಕೆಳಗೆ ಕುರಿ ಬಿಟ್ಟು, ಬಿಟ್ಟಿ ಮೇವು ಅಂತ ಕಾಯಿ ತಿನ್ನಿಸಿದಿರಿ. ನಾನೂ ಪಕ್ಕದಲ್ಲೇ ನಿಂತು, ಹೊಟ್ಟೆ ತುಂಬ ತಿನ್ನಲಿ ಎಂದು ಖುಷಿಪಟ್ಟೆ. ಬೀಜ ಹಿಕ್ಕೆಯಲ್ಲಿ ಗಟ್ಟಿಯಾಗಿಯೇ ಬೀಳುತ್ತದೆ ಎಂದು ನಮಗೆ ಗೊತ್ತಿಲ್ಲದ್ದೇನಲ್ಲ. ಹೊಲವಾದರೆ ಒಂದು ಸಾರಿ ಕುಂಟೆ ಹೊಡೆದರೆ ಮುಗಿಯಿತು, ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಲಾನಿಗೆ ಕುಂಟೆ ಹೊಡೆಯಲು ಆಗುತ್ತದೆಯೇ! ಕಾಲೇಜಿನ ಸೆಕ್ರೆಟರಿ ಮುರುಗಪ್ಪನವರು ಬಂದು ನೋಡಿ, "ಏನವ್ವ ಚಿತ್ತಮ್ಮ, ಹುಡುಗ್ರು ಕುಂತ್ಕಳಾಕೆ ಲಾನ್ ಮಾಡು ಅಂದ್ರೆ ಮುಳ್ಳು ಬಿತ್ತಿದೀಯಲ್ಲ" ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೆಲಸ ಚೆನ್ನಾಗಾಗಿದೆ ಎಂದು ಅವರು ಬರೆದುಕೊಡದಿದ್ದರೆ ಲೈಸೆನ್ಸಿಗೆ ಅರ್ಜಿಯೇ ಹಾಕುವಂತಿರಲಿಲ್ಲ.

ನಾನೇನು ಅಳುತ್ತಾ ಕೂರುವವಳೇ? ನೀರು ಬಿಟ್ಟು ನೆಲ ನೆನೆಸಿ, ಕೂಲಿಯವರ ಜೊತೆ ನಾನೂ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು, ಒಂದೊಂದನ್ನೇ ಬೇರು ಸಮೇತ ಕಿತ್ತೆವು. ಅತ್ತೆಯವರು ನೋಡಲು ಬಂದವರು ಸೆರಗು ಕಟ್ಟಿ ಕೂತೇಬಿಟ್ಟರು. "ಅಲ್ಲ ಕಣೇ, ಮಂದೆ ತರುಬೋ ಮೊದ್ಲು ನಾಕು ದಿನ ಬರೀ ಹುಲ್ಲಲ್ಲಿ ಮೇಯಿಸಿದ್ರೆ ಈ ಪಾಡು ಇರ್ತಿತ್ತಾ? ಗಂಡ ಹೆಂಡ್ತಿ ಇಬ್ಬರಿಗೂ ಬುದ್ಧಿ ಇಲ್ಲ" ಅಂತ ಬಯ್ಯುತ್ತಲೇ ಎಲ್ಲರಿಗಿಂತ ಜಾಸ್ತಿ ಕಿತ್ತರು. ಮತ್ತೆ ಮೊಳೆತವನ್ನು ಮತ್ತೆ ಕಿತ್ತೆವು. ಈಗ ಆ ಲಾನ್ ನೋಡಬೇಕು ನೀವು! ಬೆಂಗಳೂರಿನವರು ಪಕ್ಕದ ಬ್ಯಾಂಕಿನ ಮುಂದೆ ಹಾಸಿದ ಹುಲ್ಲು ಹಳದಿ ತಿರುಗಿದೆ, ನಮ್ಮದು ಕಡುಹಸಿರು. ಮುರುಗಪ್ಪನವರು ಕೆಲಸ ಚೆನ್ನಾಗಾಗಿದೆ ಎಂದು ಬರೆದುಕೊಟ್ಟರು.

ಮೊನ್ನೆ ಸೋಮವಾರ ಅರ್ಜಿ ಹಿಡಿದು ಲೈಸೆನ್ಸ್ ಕೊಡುವ ಕಚೇರಿಗೆ ಹೋದೆ. ತಿಪ್ಪೇರುದ್ರಪ್ಪನೂ ಅಲ್ಲೇ ಇದ್ದ. "ಟ್ರ್ಯಾಕ್ಟರ್ ಇಲ್ದಿರೋ ಕಂಟ್ರಾಕ್ಟರ್ ಎಲ್ಲಾರ ಉಂಟೇನವ್ವ? ನಂದೇ ಹಳೇದೈತೆ, ತಗಳ್ರಿ ಅಂದ್ರೆ ಕೇಳವಲ್ರಿ" ಎಂದು ಎಲ್ಲರ ಮುಂದೆ ನಕ್ಕ. ತನ್ನ ಗುಜರಿ ಟ್ರ್ಯಾಕ್ಟರನ್ನು ನಮ್ಮ ತಲೆಗೆ ಕಟ್ಟಲು ಅವನು ಇಷ್ಟು ದಿನ ಆಡಿದ ಆಟ ಆಗ ನನಗೆ ಅರ್ಥವಾಯಿತು. ಸಾಹೇಬರು ಮುರುಗಪ್ಪನವರ ಕಾಗದ ನೋಡಿ, ಸ್ವಂತ ಸಾಧನ ಏನಿದೆಯಮ್ಮ ಎಂದು ಕೇಳಿದರು. ಟ್ರ್ಯಾಕ್ಟರೇ ಆಗಬೇಕಾ ಸಾರ್ ಅಂದೆ. ಹಾಗೇನೂ ನಿಯಮವಿಲ್ಲ, ಕೆಲಸಕ್ಕೆ ಬೇಕಾದ ಸಾಧನ ನಿಮ್ಮದೇ ಇದ್ದರೆ ಸಾಕು ಅಂದರು. "ಹಂಗಾರೆ ಬರ್ಕಳ್ರಿ ಸಾರ್, ಇನ್ನೂರು ಕುರಿ ಅವೆ" ಅಂದುಬಿಟ್ಟೆ. ಕಚೇರಿಗೆ ಕಚೇರಿಯೇ ನಕ್ಕಿತು. ನಾನು ನಗಲಿಲ್ಲ. ನೆಲಕ್ಕೆ ಗೊಬ್ಬರ ಹಾಕುವ ಸಾಧನ ಇದೇ, ಡೀಸೆಲ್ ಬೇಕಿಲ್ಲ, ಅನುಮಾನವಿದ್ದರೆ ಕಾಲೇಜಿನ ಲಾನ್ ನೋಡಿ ಬನ್ನಿ ಅಂದೆ. ಸಾಹೇಬರು ಪೆನ್ನು ತೆಗೆದು ಬರೆದುಕೊಂಡರು.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಹೊತ್ತಿಗೆ ಸರಿಯಾಗಿ ಮುದ್ದೆ ಉಣ್ಣಬೇಕಂತೆ. ಉಗ್ರಪ್ಪನವರಿಗೆ ನಮಸ್ಕಾರ. ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿ.

ಇಂತಿ ನಿಮ್ಮವಳೇ ಆದ
ಚಿತ್ತಮ್ಮ

ಮರೆತಿದ್ದೆ: ಹರಿಹರದ ಬಸ್ಸು ಹೊರಡುತ್ತಿದೆ, ಕಾಗದ ಕೊಡಿ ಎಂದು ಕಂಡಕ್ಟರ್ ಕೈ ಚಾಚಿ ನಿಂತಿದ್ದಾನೆ. ಕುರಿಗಳನ್ನು ಕಣ್ಣಾರೆ ನೋಡಿಯೇ ಸಹಿ ಹಾಕುತ್ತಾರಂತೆ ಸಾಹೇಬರು, ಫೆಬ್ರವರಿ ಹತ್ತಕ್ಕೆ ಬರುತ್ತಾರೆ. ಮಂದೆ ಮಾರಬೇಡಿ! ಮುಂಗಡ ಹಿಡಿದಿದ್ದರೆ ಇವತ್ತೇ ವಾಪಸ್ ಎಸೆದು ಹೊರಟು ಬನ್ನಿ, ದಾರಿಯಲ್ಲಿ ಜಾಲಿಕಾಯಿ ಮುಟ್ಟಿಸಬೇಡಿ. ಇನ್ನೊಂದು. ಈ ಸಾಧನ ನಡೆಸುವವರು ಯಾರು ಎಂದು ಸಾಹೇಬರು ಕೇಳಿದರು. ನನ್ನ ಪರವಾಗಿ ಹೇಳಲು ನಮ್ಮವರು ಯಾರೂ ಪಕ್ಕದಲ್ಲಿ ಇರಲಿಲ್ಲ. ಮದುವೆಯಾದ ಮೇಲೆ ಒಂದು ದಿನವೂ ಬಾಯಲ್ಲಿ ಆಡದ ನಿಮ್ಮ ಹೆಸರನ್ನು, ತುಂಬಿದ ಕಚೇರಿಯಲ್ಲಿ ನಾನೇ ಗಟ್ಟಿಯಾಗಿ ಹೇಳಿದೆ: ಪಾಲಣ್ಣ.