ಸೂರಿನಾಚೆ ಕೂತಿದ್ದ ನಿಮ್ಮಪ್ಪ

ಓನೊಟೋವಾ ದ್ವೀಪ,
ಭಾನುವಾರ, ಮಧ್ಯಾಹ್ನ

ಗೆಳೆಯ ತೆರಾಕ,

ನೀನಿರುವ ಹ್ಯಾಂಬರ್ಗಿನಲ್ಲಿ ಈಗ ಚಳಿ ಹಿಡಿದಿರಬೇಕು. ಮೊದಲೇ ಹೇಳಿಬಿಡುತ್ತೇನೆ, ನಿನಗೆ ಕೊಟ್ಟಿದ್ದ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ. ಪೂರ್ತಿ ಓದು, ಆಮೇಲೆ ಎಷ್ಟು ಬೇಕಾದರೂ ಬೈ.

ಹದಿಮೂರು ವರ್ಷವಾದ ಮೇಲೆ ಊರಿಗೆ ಬಂದಿದ್ದೇನೆ. ವಿಮಾನ ಇಳಿದದ್ದೇ ತಡ, ಅಕ್ಕ ನಮ್ಮೂರ ವಾಡಿಕೆಯಂತೆ ತಲೆಗೆ ಹೂವಿನ ಸುತ್ತು ಇಟ್ಟು ಕತ್ತಿಗೆಲ್ಲ ಪೌಡರ್ ಸುರಿದಳು. "ಏನೋ ಇದು ಹೊಟ್ಟೆ! ಹಡಗನ್ನೇ ನುಂಗಿಕೊಂಡು ಬಂದ್ಯಾ?" ಎಂದು ನಕ್ಕವಳು ಆಮೇಲೆ ನನ್ನ ತೋಳು ಹಿಡಿದುಕೊಂಡು ಅತ್ತಳು. ಅಂದೇ ಮಧ್ಯಾಹ್ನ ಊರಿನವರೆಲ್ಲ ನನ್ನನ್ನು ಬರಮಾಡಿಕೊಳ್ಳಲು ನಮ್ಮ ಸಭಾಮಂಟಪ ಮನೆಯಾಬದಲ್ಲಿ ಸೇರಿದ್ದರು. ಅದೇ ತಗ್ಗಿನ ಸೂರು, ಅದೇ ಹವಳದ ಕಂಬಗಳು. ಪ್ರತಿ ಮನೆತನವೂ ತನ್ನ ತನ್ನ ಜಾಗದಲ್ಲಿ. ನಿಮ್ಮ ಮನೆತನದ ಮೂರನೇ ಕಂಬದ ಬುಡ ಮಾತ್ರ ಖಾಲಿ. ನಿಮ್ಮಪ್ಪ ಹೊರಗೆ, ಬಿಸಿಲಲ್ಲಿ, ಒಂದು ತೆಂಗಿನ ಗರಿ ಹಾಸಿಕೊಂಡು ಕೂತಿದ್ದರು.

ಪಕ್ಕದಲ್ಲಿದ್ದ ಬರನಿಕೊನನ್ನು ಕೇಳಿದೆ. ನಮ್ಮ ಜೊತೆಯೇ ಹಡಗಿನ ತರಬೇತಿ ಮುಗಿಸಿದವನು, ನಮ್ಮ ಹಿಂದೆಯೇ ಹೊರಡಬೇಕಿದ್ದವನು.

"ಯಾಕೆ ಅಂತ ನನ್ನ ಕೇಳ್ತೀಯಾ?" ಅಂದ. "ನಿನ್ನ ದೋಸ್ತ್ ಹಡಗಿಂದ ಇಳಿದು ಓಡಿಹೋದ ಸುದ್ದಿ ಬಂತಲ್ಲ, ಅವತ್ತಿಂದ ಅವಮಾನಕ್ಕೆ ಹೀಗೇ. ಒಳಗೆ ಬನ್ನಿ ಅಂತ ಕರೆದು ಕರೆದು ನಮಗೇ ಸಾಕಾಯ್ತು. ನಾನೂ ಎರಡು ಸಲ ಕರೆದಿದೀನಪ್ಪ, ನಾನು!"

ಆ 'ನಾನು' ಅವನು ಸುಮ್ಮನೆ ಹೇಳಿದ್ದಲ್ಲ. ನೀನು ಓಡಿಹೋದ ಮೇಲೆ ಹಡಗಿನ ಕಂಪನಿಯವರು ಮೂರು ವರ್ಷ ನಮ್ಮ ದ್ವೀಪದಿಂದ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಅವನ ವಯಸ್ಸು ಮೀರಿತ್ತು. ಈಗ ದಿನಕ್ಕೆ ಎರಡು ಹೊತ್ತು ತೆಂಗಿನ ಮರ ಹತ್ತಿ ನೀರಾ ಇಳಿಸುತ್ತಾನೆ.

ಬಂದವನು ಎದ್ದು ನಾಲ್ಕು ಮಾತಾಡಬೇಕಲ್ಲ. ಬಂದರುಗಳ ಕಥೆ, ಒಂದೆರಡು ತಮಾಷೆ, ಎಲ್ಲ ಸಿದ್ಧಮಾಡಿಕೊಂಡಿದ್ದೆ. ಎದ್ದು ನಿಂತಾಗ ನಿಮ್ಮಪ್ಪನ ಬೆನ್ನು ಕಾಣಿಸಿತು. ಬಾಯಿಂದ ಬೇರೆಯದೇ ಬಂತು.

"ಓಡಿಹೋಗೋ ಯೋಚನೆ ಅವನೊಬ್ಬನದಲ್ಲ," ಅಂದೆ. "ಇಬ್ಬರೂ ಸೇರಿ ಮಾಡಿದ್ದು. ನಾನೂ ಗಂಟು ಕಟ್ಟಿಕೊಂಡಿದ್ದೆ."

ಹದಿನಾರು ತಿಂಗಳಾದರೂ ಮನೆಗೆ ಕಳಿಸದ ಆ ಹಡಗಿನ ಬಗ್ಗೆ ಹೇಳಿದೆ. ಬಂದರಿಗಿಳಿಯುವ ಏಣಿಯವರೆಗೆ ಬಂದು ನಾನು ಹಿಂದೆ ಸರಿದದ್ದು, ನೀನು ಒಮ್ಮೆ ತಿರುಗಿ ನೋಡಿ ಇಳಿದುಹೋದದ್ದು, ಮರುದಿನ ಕ್ಯಾಪ್ಟನ್ ಕೇಳಿದಾಗ ನನಗೇನೂ ಗೊತ್ತಿಲ್ಲ ಅಂದದ್ದು. ಆಮೇಲೆ ಪ್ರತಿ ರಜೆಯಲ್ಲೂ ಊರಿಗೆ ಬರದೆ ಸುವಾದಲ್ಲೋ ಆಕ್ಲೆಂಡಿನಲ್ಲೋ ಕಳೆದೆನಲ್ಲ, ನಿನಗೂ ಕಾರಣ ಹೇಳಿರಲಿಲ್ಲ. ನಿಮ್ಮಪ್ಪನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ, ಅಷ್ಟೇ.

ಬರನಿಕೊ ಎದ್ದು ನನ್ನ ಹತ್ತಿರ ಬಂದ. ಹೊಡೆಯುತ್ತಾನೆಂದೇ ಅಂದುಕೊಂಡೆ.

"ಹನ್ನೆರಡು ವರ್ಷ ಒಬ್ಬನಿಗೇ ಬೈದು ಬೈದು ನನ್ನ ಬಾಯಿ ನೋಯ್ತಲ್ಲೋ! ಮೊದಲೇ ಹೇಳಿದ್ರೆ ಇಬ್ಬರಿಗೂ ಹಂಚಿ ಬೈತಿದ್ದೆ."

ಹೆಂಗಸರು ನಕ್ಕರು. ಅವನು ನಗಲಿಲ್ಲ. ತಲೆ ತಗ್ಗಿಸಿ ಸೂರಿನಡಿಯಿಂದ ಹೊರಟುಹೋದ. ಎರಡು ದಿನ ಇತ್ತ ಸುಳಿಯಲಿಲ್ಲ, ಮೂರನೇ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಒಂದು ಬಾಟಲಿ ನೀರಾ ಇತ್ತು. ಹಿರಿಯರು ನನಗೆ ದಂಡ ಹಾಕಿದರು. ಊರಿಗೆಲ್ಲ ಒಂದು ಹೊತ್ತಿನ ಊಟ, ಎರಡು ಹಂದಿ. ಹಂದಿ ಸಾಕಿದ್ದ ಅಕ್ಕ ಈಗಲೂ ಗೊಣಗುತ್ತಿದ್ದಾಳೆ.

ನಿಮ್ಮಪ್ಪ ಮಾತ್ರ ಅಂದು ಕದಲಲೂ ಇಲ್ಲ. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಚಪ್ಪಲಿ ಜಗುಲಿಯಲ್ಲಿ ಬಿಟ್ಟು ನನ್ನೆದುರು ಕೂತರು.

"ಉರಿಯಾಮ, ಒಂದೇ ಮಾತು ಕೇಳ್ತೀನಿ. ಇದ್ದಾನಾ?"

ಎರಡು ವರ್ಷದ ಹಿಂದೆ ನಿನ್ನ ಮನೆಯಲ್ಲಿ ಊಟ ಮಾಡುವಾಗ, ಊರಲ್ಲಿ ಏನೂ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡಿದ್ದೆಯಲ್ಲ. ಅದೆಲ್ಲ ನೆನಪಿತ್ತು. ಆದರೂ ಹೇಳಿದೆ.

"ಇದ್ದಾನೆ ಮಾಮ. ಚೆನ್ನಾಗಿದ್ದಾನೆ."

"ಹೊಟ್ಟೆ ತುಂಬ ಉಣ್ತಾನಾ?"

"ಉಣ್ತಾನೆ. ಮದುವೆ ಆಗಿದೆ. ಏಳು ವರ್ಷದ ಮಗಳಿದ್ದಾಳೆ."

"ಹೆಸರು?"

"ಕಾಯೆವಾ."

ಅದು ಅವರ ತಾಯಿಯ ಹೆಸರು. ಎದ್ದು ಹೋಗಿಬಿಟ್ಟರು. ಚಪ್ಪಲಿ ನಮ್ಮ ಜಗುಲಿಯಲ್ಲೇ ಉಳಿಯಿತು. ನಾನು ತಪ್ಪು ಮಾಡಿದೆನೇನೋ ಎಂದು ನಾಲ್ಕು ದಿನ ಒದ್ದಾಡಿದೆ.

ಇವತ್ತು ಚರ್ಚ್ ಮುಗಿದ ಮೇಲೆ ನನ್ನ ದಂಡದ ಊಟ. ಎಲ್ಲರೂ ಕೂತಾಗಿತ್ತು. ನಿಮ್ಮಪ್ಪ ಕಂಕುಳಲ್ಲಿ ಚಾಪೆ ಇಟ್ಟುಕೊಂಡು ಬಂದರು. ಸೂರಿನ ಮುಂದೆ ಸ್ವಲ್ಪ ನಿಂತು, ಬಗ್ಗಿ ಒಳಗೆ ಬಂದು, ಮೂರನೇ ಕಂಬದ ಬುಡದಲ್ಲಿ ಚಾಪೆ ಬಿಡಿಸಿದರು. ಹಿರಿಯರಲ್ಲೊಬ್ಬರು ಕಿಚಾಯಿಸದೆ ಬಿಡುತ್ತಾರೆಯೇ? "ಏನಯ್ಯ ತೊಕಾತಾಕೆ, ಕೊನೆಗೂ ಬಿಸಿಲು ಸಾಕಾಯ್ತಾ?"

"ನನಗೋಸ್ಕರ ಬರಲಿಲ್ಲ ನಾನು," ಅಂದರು ನಿಮ್ಮಪ್ಪ. "ಮೊಮ್ಮಗಳಿದ್ದಾಳಂತೆ. ಅಜ್ಜ ಹೊರಗೆ ಕೂತರೆ ಆ ಮಗು ಬಂದಾಗ ಎಲ್ಲಿ ಕೂರಬೇಕು?"

ಅಕ್ಕ ಅವರ ಮುಂದೆ ಊಟ ಇಟ್ಟಳು.

ಬಾ ಎಂದು ಹೇಳುವ ಬಾಯಿ ನನಗಿಲ್ಲ, ತೆರಾಕ. ಅಂದು ಏಣಿಯ ಹತ್ತಿರ ನಿನ್ನ ಕೈ ಬಿಟ್ಟವನು ನಾನು. ಮುಂದಿನ ತಿಂಗಳು ಹದಿನಾಲ್ಕರವರೆಗೆ ಇಲ್ಲೇ ಇರುತ್ತೇನೆ. ಈ ಸಲ ವಿಮಾನದ ಹತ್ತಿರ ನಾನೇ ನಿಂತಿರುತ್ತೇನೆ, ಬರನಿಕೊನ ಬೈಗುಳದಲ್ಲಿ ಅರ್ಧ ನನಗಿರಲಿ. ನಿಮ್ಮಪ್ಪ ಹಾಸಿರುವುದು ದೊಡ್ಡ ಚಾಪೆ ಕಣೋ. ಅವರು ಅದರ ಒಂದು ಅಂಚಿನಲ್ಲಿ ಮಾತ್ರ ಕೂತಿದ್ದಾರೆ.

ನೀನು, ನಿನ್ನ ಹೆಂಡತಿ, ಪುಟ್ಟ ಕಾಯೆವಾ ಮೂವರೂ ಆರೋಗ್ಯದಿಂದಿರಿ, ನಿಮ್ಮ ಮನೆ ನೆಮ್ಮದಿಯಿಂದ ತುಂಬಿರಲಿ.

ತಡವಾಗಿಯಾದರೂ ನಿನ್ನ ಜೊತೆ ನಿಂತ,
ಉರಿಯಾಮ