ಕಾಫಿಯವರ ಮನೆ ಸೊಸೆಯಾದೆ, ತಾತ

ನನ್ನ ಮುದ್ದು ತಾತನಿಗೆ,

ನನಗೆ ಮದುವೆಯಾಯಿತು ತಾತ, ಅದೂ ಕಾಫಿಯವರ ಮನೆಯ ಹುಡುಗನ ಜೊತೆ! ಕೋಲು ಹುಡುಕಬೇಡ, ಮೊದಲು ಪೂರ್ತಿ ಓದು. ವೈಶಾಖದಲ್ಲಿ ಧಾರೆ ಮುಗಿದ ದಿನವೇ ನಿನಗೆ ಬರೆಯಬೇಕಿತ್ತು. ಆದರೆ ಸುಂಟಿಕೊಪ್ಪದ ಅತ್ತೆಮನೆಯಲ್ಲಿ ಮನೆತುಂಬ ನೆಂಟರು, ಅಲ್ಲಿಂದ ಬೆಂಗಳೂರಿಗೆ ಬಂದರೆ ಹೊಸ ಸ್ಟವ್, ಹೊಸ ನೆರೆಮನೆಯವರು, ಹೊಸ ಗಂಡ... ಯಾವುದನ್ನು ಅಂತ ಮೊದಲು ನೋಡಲಿ? ಈಗ ಇವರು ಕೆಲಸಕ್ಕೆ ಹೋಗಿದ್ದಾರೆ, ಸಾರು ಕುದಿಯುತ್ತಿದೆ, ನನಗೆ ಪುರುಸೊತ್ತು ಸಿಕ್ಕಿದೆ. ಇವರ ಹೆಸರು ಚಂದ್ರಶೇಖರ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ಅಜ್ಜಿಯ ಕಟ್ಟಪ್ಪಣೆ. ಬರೆಯಬಾರದು ಅಂದಿಲ್ಲವಲ್ಲ? ಚಂದ್ರಶೇಖರ. ಇನ್ನೊಮ್ಮೆ ಬರೆದೆ ನೋಡು.

ನೀನು ಜಗಲಿಯ ಕಂಬಕ್ಕೆ ಒರಗಿ ಬೆಲೆ ಬಿದ್ದ ಕಾಲದ ಕಥೆ ಹೇಳುತ್ತಿದ್ದುದು ಇಲ್ಲಿ ಸ್ಟವ್ ಮುಂದೆ ಕೂತಾಗಲೆಲ್ಲ ನೆನಪಾಗುತ್ತದೆ. ನಾನು ತೊಟ್ಟಿಲಲ್ಲಿದ್ದ ವರ್ಷಗಳವು. ಅದಕ್ಕೆ ಮುಂಚೆ ಕಾಫಿಗೆ ಎಂಥ ಬೆಲೆ ಬಂದಿತ್ತೆಂದರೆ, ಫ್ರೇಸರ್‌ಪೇಟೆಯಿಂದ ಮೇಲಕ್ಕೆ ಯಾರ ಹಿತ್ತಲಲ್ಲೂ ಬದನೆ ಗಿಡಕ್ಕೆ ಜಾಗವೇ ಇರಲಿಲ್ಲವಂತೆ. ಆಮೇಲೆ ಒಂದು ವರ್ಷ ಬೆಲೆ ಇಳಿಯಿತು, ಮರುವರ್ಷ ಇನ್ನೂ ಇಳಿಯಿತು, ಅದರಾಚೆಯ ವರ್ಷ ಕೇಳುವವರೇ ಇಲ್ಲ. ಪಕ್ಕದ ಎಸ್ಟೇಟಿನ ದೊರೆ ಆಳುಗಳ ಲೈನ್ ಮನೆಗಳಿಗೆ ಬೀಗ ಹಾಕಿ, ತನ್ನ ನಾಯಿಯನ್ನು ನಿನ್ನ ಕೈಗೆ ಕೊಟ್ಟು ಹಡಗು ಹತ್ತಿದ. ಆ ನಾಯಿ ಮೊದಲು ಮುದ್ದೆಯನ್ನು ಮೂಸಿ ಮುಖ ತಿರುಗಿಸಿತಂತೆ. ಹಸಿವು ಹೆಚ್ಚಾದ ಮೇಲೆ ನಮ್ಮವರ ಹಾಗೆಯೇ ಅಗಿಯದೆ ನುಂಗುವುದನ್ನು ಕಲಿಯಿತು. ಕಾಫಿ ಹಣ್ಣು ಬಿಡಿಸಲು ಪಿಕ್ಕಿಂಗಿಗೆ ಬಂದಿದ್ದವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿ ಮೈಸೂರು ಸೀಮೆಗೆ ನಡೆದರು. ಊರಿನ ಮೂರು ಮದುವೆ ಒಂದೇ ಚಪ್ಪರದಲ್ಲಿ, ಒಂದೇ ಧಾರೆ ಸೀರೆಯಲ್ಲಿ ನಡೆದವು. ಎರಡನೆಯವಳು ಉಟ್ಟಿದ್ದನ್ನು ಬಿಚ್ಚುವವರೆಗೆ ಮೂರನೆಯವಳು ಒಳಗೆ ಕೂತು ಬೈದುಕೊಳ್ಳುತ್ತಿದ್ದಳು. ಅಂಗಡಿಯವನು ಉಪ್ಪಿಗೆ ಬದಲಾಗಿಯೂ ಕಾಫಿ ಬೇಡವೆಂದ. ನಮ್ಮ ಮನೆಗೆ ಬಂದ ಕಳ್ಳ ಕೂಡ ಕಾಫಿ ಮೂಟೆಗಳನ್ನು ಪಕ್ಕಕ್ಕೆ ಸರಿಸಿ, ಅವುಗಳ ಹಿಂದೆ ಕಾವು ಕೂತಿದ್ದ ಕೋಳಿಯನ್ನು ಎತ್ತಿಕೊಂಡು ಹೋದ. ಅದನ್ನು ಹೇಳುವಾಗ ನಿನಗೆ ಕೋಳಿ ಹೋದ ದುಃಖಕ್ಕಿಂತ ಮೂಟೆ ಉಳಿದ ಅವಮಾನವೇ ದೊಡ್ಡದಾಗಿತ್ತು, ಅಲ್ಲವಾ?

ಮಡಿಕೇರಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಇದೇ ಪಾಠ ಮಾಡಿದ ದಿನ ನಾನು ಮಾಡಿಕೊಂಡ ಫಜೀತಿ ನಿನಗೆ ಗೊತ್ತು. ಬೆಲೆ ಯಾಕೆ ಬಿತ್ತು ಎಂದು ಅವರು ಕೇಳಿದ್ದೇ ತಡ, ಎದ್ದು ನಿಂತು ನಿನ್ನ ಉತ್ತರವನ್ನು ಶುದ್ಧ ಇಂಗ್ಲಿಷಿನಲ್ಲಿ ಒಪ್ಪಿಸಿದೆ: ಲಂಡನ್ನಿನವರು ಹಟಕ್ಕೆ ಬಿದ್ದು ಟೀ ಕುಡಿದರು, ಪಕ್ಕದ ಎಸ್ಟೇಟಿನ ದೊರೆ ರಾಗಿ ಹೊಲಕ್ಕೆ ಕಾಫಿ ಹಾಕು ಎಂದು ನಮ್ಮ ತಾತನ ತಲೆ ಕೆಡಿಸಿದ. ಉಳಿದ ಪಾಠವನ್ನು ನಿಂತೇ ಕೇಳಬೇಕಾಯಿತು. ಅಮೆರಿಕದಲ್ಲಿ ಷೇರು ಪೇಟೆ ಕುಸಿಯಿತಂತೆ, ಬ್ಯಾಂಕುಗಳು ಬಾಗಿಲು ಹಾಕಿದವಂತೆ, ಕೆಲಸ ಕಳೆದುಕೊಂಡವರು ಕಾಫಿ ಕೊಳ್ಳುವುದನ್ನು ಬಿಟ್ಟರಂತೆ. ಅದೇ ಹೊತ್ತಿಗೆ ಲೋಕದಲ್ಲೆಲ್ಲ ಬೇಕಾದ್ದಕ್ಕಿಂತ ಹೆಚ್ಚು ಕಾಫಿ ಬೆಳೆದು, ಬ್ರೆಜಿಲಿನವರು ರಾಶಿ ಹಾಕಿ ಸುಟ್ಟರಂತೆ. ರಜೆಗೆ ಬಂದು ಇಷ್ಟನ್ನೂ ನಿನಗೆ ವಿವರಿಸಿದಾಗ ನೀನು ಬೀಡಿ ಆರಿಸಿ, "ಅಮೆರಿಕದವ್ನು ಬಿದ್ರೆ ನಮ್ಮ ಮೊಣಕಾಲು ಯಾಕವ್ವ ತರಚ್ಬೇಕು?" ಅಂದೆ.

ನೀನು ಹಾಕಿದ್ದ ಕಟ್ಟುಪಾಡು ನೀನು ಹೋದ ಮೇಲೂ ಹಾಗೇ ಇತ್ತು. ಕಾಫಿ ನಮ್ಮ ಹೊಸ್ತಿಲು ದಾಟಿ ಒಳಗೆ ಬರಬಾರದು, ನಮ್ಮ ಮನೆ ಹೆಣ್ಣು ಕಾಫಿಯವರ ಹೊಸ್ತಿಲು ತುಳಿಯಬಾರದು. ಕೊಡಗಿನಲ್ಲಿದ್ದುಕೊಂಡು ಇದೊಂದು ಕಟ್ಟುಪಾಡಾ ತಾತ? ನೆಂಟರೆಲ್ಲ ಪಕ್ಕದ ಮನೆಯಲ್ಲಿ ಕಾಫಿ ಕುಡಿದು, ಬಾಯಿ ಒರೆಸಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಅಜ್ಜಿ ಮಾತ್ರ ನಿನ್ನ ಮಾತನ್ನು ದೇವರ ದೀಪದ ಹಾಗೆ ಕಾಯ್ದಳು. ಅಪ್ಪನಿಗೆ ಈ ಸಂಬಂಧ ಎಷ್ಟು ಇಷ್ಟವಾದರೂ, ನಾನು ಹುಡುಗನ ಫೋಟೋ ನೋಡಿ ಎರಡು ಹೊತ್ತು ಊಟ ಮರೆತರೂ, ಅಜ್ಜಿ ಅಕ್ಷತೆ ಹಾಕದೆ ಮದುವೆಯಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನನಗೋ, ಇವರಲ್ಲದೆ ಬೇರೆ ಯಾರೂ...

ಹೆಣ್ಣು ನೋಡಲು ಬಂದ ದಿನ ಅಜ್ಜಿ ಬೇಕೆಂದೇ ಎಲ್ಲರಿಗೂ ಕೊತ್ತಂಬರಿ ಕಷಾಯ ಕೊಟ್ಟಳು. ಮಾವನವರು ಔಷಧಿಯ ಹಾಗೆ ಕಣ್ಣು ಮುಚ್ಚಿ ಕುಡಿದರು. ಇವರು ಲೋಟವನ್ನು ಒಮ್ಮೆ ತಿರುಗಿಸಿ, ಮೂಸಿ, ಇಡೀ ಜಗಲಿಗೆ ಕೇಳುವ ಹಾಗೆ ಸೊರ್ರೆಂದು ಹೀರಿ, ಕೆನ್ನೆಯೊಳಗೆ ಆಡಿಸಿ, ಎದ್ದು ಹೋಗಿ ನಿನ್ನ ದಾಸವಾಳದ ಬುಡಕ್ಕೆ ಉಗುಳಿ ಬಂದರು! ಉಗುಳಿದ ಮೇಲೆ ತಾನು ಎಲ್ಲಿದ್ದೇನೆಂದು ನೆನಪಾಗಿ, ಬಿಸಿಲಲ್ಲಿ ಬಿಟ್ಟ ಬೆಣ್ಣೆಯ ಹಾಗಾದರು. ಅಜ್ಜಿ ಕೇಳಿದಳು, "ಕೊಟ್ಟಿದ್ದನ್ನ ಉಗೀತೀರಲ್ಲ, ಇದ್ಯಾವ ಸೀಮೆ ಮರ್ಯಾದೆ?" ಆಗ ಮಾವನವರು ಮಗನ ಕೆಲಸವನ್ನು ಬಿಡಿಸಿ ಹೇಳಬೇಕಾಯಿತು. ಬೆಂಗಳೂರಿನ ಕಾಫಿ ಕಂಪನಿಯೊಂದರಲ್ಲಿ ಇವರು ರುಚಿ ನೋಡುವವರು. ಸಾಲಾಗಿ ಇಟ್ಟ ಬಟ್ಟಲುಗಳಿಂದ ಒಂದೊಂದೇ ಗುಟುಕು ಹೀರುವುದು, ಉಗುಳುವುದು, ಇದು ಒಳ್ಳೆಯದು ಇದು ಕೆಟ್ಟದ್ದು ಎನ್ನುವುದು. ನುಂಗುವ ಹಾಗಿಲ್ಲ.

"ಕಾಫಿನ ಉಗಿಯಕ್ಕೆ ಸಂಬಳ ಕೊಡ್ತಾರಾ?" ಅಂದಳು ಅಜ್ಜಿ.

"ಕೊಡ್ತಾರೆ ಅಜ್ಜಿ," ಅಂದರು ಇವರು, ನೆಲ ನೋಡುತ್ತ.

"ದಿನಾಲೂ?"

"ಭಾನುವಾರ ರಜ."

ಅಜ್ಜಿ ನನ್ನ ಕಡೆ ತಿರುಗಿ, "ನಿಮ್ಮ ತಾತಂಗೆ ಈ ಕೆಲಸ ಸಿಕ್ಕಿದ್ರೆ ಬಿಟ್ಟಿ ಮಾಡೋರು," ಅಂದಳು. ನನಗೆ ನಗು, ಆಸೆ ಎರಡೂ ಉಕ್ಕಿ ಬಂದವು. ಆದರೆ ಮರುಗಳಿಗೆಯೇ ಅವಳ ಮುಖ ಗಟ್ಟಿಯಾಯಿತು. ಹುಡುಗ ಒಳ್ಳೆಯವನಿರಬಹುದು, ಆದರೆ ಮಾತು ಕೊಟ್ಟಿರುವುದು ತಾತನಿಗೆ. ಮಾಲಯ ಅಮಾಸೆಗೆ ನೀವೂ ಬನ್ನಿ, ಎಡೆ ಇಡುವಾಗ ಅವರನ್ನೇ ಕೇಳೋಣ, ಕಾಗೆ ಮುಟ್ಟಿದರೆ ಮದುವೆ, ಮುಟ್ಟದಿದ್ದರೆ ಇಲ್ಲ ಎಂದುಬಿಟ್ಟಳು. ನನ್ನ ಕಾನ್ವೆಂಟಿನ ಓದೆಲ್ಲ ಒಂದು ಕಾಗೆಯ ಕೊಕ್ಕಿಗೆ ಹೋಗಿ ನೇತುಬಿದ್ದಿತ್ತು, ತಾತ.

ಆ ಅಮಾಸೆಯ ಮಧ್ಯಾಹ್ನವನ್ನು ನೀನು ಅಷ್ಟು ಸತಾಯಿಸಬೇಕಿತ್ತಾ? ನಿನಗೆ ಇಷ್ಟವಾದ ನಾಟಿ ಕೋಳಿ ಸಾರು, ಮುದ್ದೆ, ಕಳಲೆ ಪಲ್ಯ, ಕಜ್ಜಾಯ, ಒಂದು ಕಟ್ಟು ಬೀಡಿ, ಎಲ್ಲ ಎಡೆಗೆ ಇಟ್ಟು, ಒಂದು ಪಾಲನ್ನು ಬಾಳೆಲೆಯಲ್ಲಿ ಕೊಟ್ಟಿಗೆಯ ಹೆಂಚಿನ ಮೇಲೆ ಇಟ್ಟೆವು. ಕಾಗೆ ಬಂತು. ಬಂದು ಹಲಸಿನ ಮರದಲ್ಲಿ ಕೂತು, ಥೇಟ್ ನಿನ್ನ ಹಾಗೆಯೇ ಕತ್ತು ಓರೆ ಮಾಡಿ ನಮ್ಮನ್ನೇ ನೋಡುತ್ತಿತ್ತು. ಇಳಿಯಲೊಲ್ಲದು. ಅದು ಉಣ್ಣದೆ ಯಾರೂ ಉಣ್ಣುವ ಹಾಗಿಲ್ಲ. ಬೀಗರ ಹೊಟ್ಟೆ ಗೊರಗುಟ್ಟುವುದು ನನಗೆ ಒಳಗಿನವರೆಗೆ ಕೇಳುತ್ತಿತ್ತು. ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ, ಮಾತು ಕೊಡಿ ಎಂದರು ಊರ ಹಿರಿಯರು. ಅಪ್ಪ ಅಂಗಳಕ್ಕೆ ಬಂದು, ಕೊಟ್ಟಿಗೆಗೆ ಹೊಸ ಹೆಂಚು ಹಾಕಿಸುತ್ತೇನೆ ಅಂದ. ಕಾಗೆ ರೆಕ್ಕೆ ತುರಿಸಿಕೊಂಡಿತು. ಊಟ ಮಾಡುವಾಗ ಇಂಗ್ಲಿಷ್ ಕಾದಂಬರಿ ಓದುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಅದಕ್ಕೆ ಅದು ಬೆನ್ನು ತಿರುಗಿಸಿ ಕೂತಿತು. ಕೊನೆಗೆ ಇವರು ಕೋಟು ತೆಗೆದಿಟ್ಟು, ಕೈಮುಗಿದು, ತಮ್ಮ ಮನೆಯಲ್ಲಿ ವರ್ಷಕ್ಕಾಗುವಷ್ಟು ರಾಗಿ ತುಂಬದೆ ಕಾಫಿ ಡಬ್ಬ ಇಡುವುದಿಲ್ಲ, ಲೋಕದಲ್ಲಿ ಯಾವ ಬೆಲೆ ಬಿದ್ದರೂ ನಿಮ್ಮ ಹುಡುಗಿ ಹಸಿದು ಮಲಗುವುದಿಲ್ಲ ಎಂದರು. ಆಗ ನನಗೆ ಅಳು ಬಂತು. ಕಾಗೆ ಒಂದು ಕೊಂಬೆ ಕೆಳಗೆ ಬಂತು, ಅಷ್ಟೇ. ಎಲೆಯ ಮೇಲಿನ ಸಾರು ಆರಿ ಕೆನೆಗಟ್ಟಿತು. ಮಾವನವರು ಚಪ್ಪಲಿಯ ಕಡೆ ನೋಡತೊಡಗಿದರು. ನನ್ನ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಗ ಅಜ್ಜಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಸಿನ ಮರದ ಕೆಳಗೆ ಹೋಗಿ ನಿಂತು, ನೀನು ಜಗಲಿಯಲ್ಲೇ ಕೂತಿರುವ ಹಾಗೆ ಹೇಳಿದಳು. "ನೋಡಿ, ಇಷ್ಟು ವರ್ಷ ನಾನು ಬಾಯಿ ಬಿಟ್ಟಿಲ್ಲ. ಬಂಗಾರದಂಥ ರಾಗಿ ಹೊಲ ಅಗೆಸಿ ಕಾಫಿ ಹಾಕ್ಸಿದ್ದು ದೊರೆನೋ ಇನ್ಯಾರೋ ಅಂತ ಈಗ ಬೀಗರ ಮುಂದೆ ಹೇಳ್ಲಾ, ಇಲ್ಲಾ ಇಳಿದು ಬಂದು ಉಣ್ತೀರಾ?"

ಎಷ್ಟು ಬೇಗ ಇಳಿದೆ ತಾತ! ಕಜ್ಜಾಯ ಕಚ್ಚಿಕೊಂಡು ಒಂದೇ ಉಸಿರಿಗೆ ಹೊಳೆಯ ಕಡೆ ಹಾರಿ ಹೋದದ್ದನ್ನು ನಾವೆಲ್ಲ ನೋಡಿದೆವು. ಮಾವನವರು ಎಲೆಯ ಮುಂದೆ ಕೂತವರು ಮೂರನೆಯ ಮುದ್ದೆಯವರೆಗೆ ತಲೆ ಎತ್ತಲಿಲ್ಲ.

ಪಾತ್ರೆ ತೊಳೆಯುವಾಗ ನಾನು ಅಜ್ಜಿಯನ್ನು ಬಿಡಲಿಲ್ಲ. ಮೈಸೂರು ದಸರಾಕ್ಕೆ ಹೋಗಿದ್ದಾಗ ಯಾವುದೋ ಎಸ್ಟೇಟಿನವರ ಹೆಂಡತಿಯ ಸೊಂಟದಲ್ಲಿ ಚಿನ್ನದ ಡಾಬು ನೋಡಿ ಅಜ್ಜಿ ಆಸೆಪಟ್ಟಾಗ, ನಾಲ್ಕು ವರ್ಷ ತಡಿ, ಕಾಫಿ ಫಸಲಿಗೆ ಬರಲಿ, ನಿನಗೂ ಅಂಥದ್ದೇ ಮಾಡಿಸುತ್ತೇನೆ ಎಂದು ನೀನು ಹೇಳಿದೆಯಂತೆ. ಫಸಲಿಗೆ ಬಂದ ವರ್ಷವೇ ಬೆಲೆ ಬಿತ್ತು. "ಡಾಬು ಬೇಕು ಅಂದೋಳು ನಾನೇ ಕಣವ್ವ," ಅಂದಳು ಅಜ್ಜಿ, ಮೆಲ್ಲಗೆ, "ಅದಕ್ಕೇ ನಾನೂ ಬಾಯಿ ಮುಚ್ಕೊಂಡಿದ್ದೆ." ಅಂದರೆ ಸಿಸ್ಟರ್ ಬೋರ್ಡಿನ ತುಂಬ ಬರೆದ ಕಾರಣಗಳೆಲ್ಲ ಸುಳ್ಳು. ಲೋಕಕ್ಕೇ ಬಂದ ಆ ಕಷ್ಟಕ್ಕೆ ನಮ್ಮ ಅಜ್ಜಿಯ ಸೊಂಟವೇ ಕಾರಣ!

ನಕ್ಕು ನಕ್ಕು ಸಾಕಾದ ಮೇಲೆ ನಿನ್ನ ಮುಖ ನೆನಪಿಗೆ ಬಂತು. ನಿನಗೆ ಸಿಟ್ಟಿದ್ದದ್ದು ಕಾಫಿಯ ಮೇಲಲ್ಲ, ಅಲ್ಲವಾ? ಅಜ್ಜಿ ಕಾಡುಗೆಣಸು ಬೇಯಿಸಿ ಎಲ್ಲರಿಗೂ ಬಡಿಸಿ ತಾನು ನೀರು ಕುಡಿದು ಮಲಗಿದ ದಿನಗಳನ್ನು ನೀನು... ಬೇಡ, ಬಿಡು. ಇಷ್ಟು ಮಾತ್ರ ಕೇಳು. ಆಗ ಬೆಲೆ ಇತ್ತು, ಅದಕ್ಕೇ ಎಲ್ಲರೂ ನೆಟ್ಟರು. ಈ ಸೀಮೆಯ ಎಷ್ಟು ಮನೆಗಳಲ್ಲಿ ಎಷ್ಟು ಜನ ಹೆಂಡತಿಗೆ ಏನೇನು ಮಾಡಿಸುತ್ತೇನೆ ಅಂದಿದ್ದರೋ! ನೀನೊಬ್ಬನೇ ತಪ್ಪು ಮಾಡಿದ್ದಲ್ಲ ತಾತ. ನೀನು ಇದನ್ನು ಯಾರ ಬಾಯಿಂದಲೂ ಕೇಳದೆ ಹೋದೆ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಇನ್ನೊಂದು ಸುದ್ದಿ. ಮೊನ್ನೆ ಅಪ್ಪ ಬರೆದಿದ್ದ. ಈ ಸಲದ ಎಡೆ ಮುಗಿಸಿ ನನ್ನ ಜೊತೆ ಬೆಂಗಳೂರಿಗೆ ಬರಲು ಅಜ್ಜಿ ಒಪ್ಪಿದ್ದಾಳಂತೆ. ರೈಲು ಹತ್ತದವಳು, ಕಾಫಿಯವರ ಮನೆಗೆ, ನಿನ್ನನ್ನು ಕೇಳದೆಯೇ! ದೀಪಾವಳಿಯವರೆಗೆ ಅವಳು ನನ್ನ ಹತ್ತಿರ ಇರುತ್ತಾಳೆ. ಹಲಸಿನ ಮರದಿಂದ ಇಣುಕಿದಾಗ ಮನೆಯಲ್ಲಿ ಅವಳು ಕಾಣದಿದ್ದರೆ ಗಾಬರಿಯಾಗಬೇಡ. ಬರಬೇಕೆನಿಸಿದರೆ ನೀನೂ ಬಾ, ನಿನಗೇನು ಟಿಕೆಟ್ಟೇ? ಅಮಾಸೆ ಗುರುವಾರ. ಅವಳನ್ನು ಕರೆದುಕೊಂಡು ಬರಲು ನಾವಿಬ್ಬರೂ ಮಂಗಳವಾರ ಬೆಳಗಿನ ಮೈಸೂರು ಪ್ಯಾಸೆಂಜರ್ ಹತ್ತಿ, ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೇವೆ.