ಗುಂಡ ಸತ್ತಿರಲಿಲ್ಲ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮ,

ಫೋನ್ ಇದ್ದೂ ಕಾಗದ ಬರೆಯುತ್ತಿರುವುದಕ್ಕೆ ಸಾರಿ. ಫೋನಿನಲ್ಲಿ ನಾನು ‘ಹಾಂ, ಹೂಂ, ಊಟ ಆಯ್ತು’ ಬಿಟ್ಟು ಬೇರೇನೂ ಹೇಳುವುದಿಲ್ಲ, ನಿಮಗೇ ಗೊತ್ತು. ಒಂಬತ್ತನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ವಾರಕ್ಕೊಂದು ಕಾಗದ ಬರೆಸುತ್ತಿದ್ದರು. ಮನಸ್ಸಿನ ಮಾತು ಬಂದರೆ ಹೀಗೇ ಬರಬೇಕು. ಕನ್ನಡ ತಪ್ಪಿದ್ದರೆ ನಗಬೇಡಿ.

ಗುಂಡನನ್ನು ಶನಿವಾರ ಬಂದು ತೆಗೆದುಕೊಂಡು ಹೋಗಿ ಎಂದು ಅಪ್ಪನಿಗೆ ಹೇಳಿದ್ದೆನಲ್ಲ, ಅದು ಬೇಡ. ಅಪ್ಪ ಆಗಲೇ ಅವನನ್ನು ಆಫೀಸಿನ ಯಾರಿಗೋ ಕೊಡಲು ಒಪ್ಪಿದ್ದಾರಂತೆ. ಹೇಗಾದರೂ ತಡೆಯಿರಿ.

ನಿಜ ಹೇಳುತ್ತೇನೆ. ನರ್ಸಿಂಗ್ ಸೇರಿ ಈ ಬಾಡಿಗೆ ಕೋಣೆಗೆ ಹೊರಟ ದಿನ ನೀವು ನಿಮ್ಮ ಮೊಲ ಗುಂಡನನ್ನೇ ಗೂಡಿನ ಸಮೇತ ಕಾರಿನಲ್ಲಿಟ್ಟು, ‘ಒಬ್ಳೇ ಇರ್ತೀಯ, ಜೊತೆಗಿರ್ಲಿ’ ಅಂದಿರಿ. ಇಬ್ಬರನ್ನೂ ಒಟ್ಟಿಗೆ ಸಾಗಹಾಕುತ್ತಿದ್ದಾರೆ ಅಂದುಕೊಂಡೆ. ಇಲ್ಲಿ ಅವನಿಗೂ ನಾನು ಬೇಡವಾಗಿದ್ದೆ. ಕಾಲೇಜಿಂದ ಬಂದು ಎತ್ತಿ ಮುದ್ದಿಸಲು ಹೋದರೆ ಒದೆಯುತ್ತಿದ್ದ, ಪರಚುತ್ತಿದ್ದ. ಮಂಚದ ಕೆಳಗೆ ಸೇರಿ ಹಿಂಗಾಲು ಬಡಿಯುತ್ತಿದ್ದ. ಅನಾಟಮಿ ನೋಟ್ಸಿನಲ್ಲಿ ಇಡೀ ಲಿವರ್ ತಿಂದುಹಾಕಿದ.

ಅಪ್ಪನಿಗೆ ಹೇಳಿದ ಮೇಲೆ, ಹೇಗೂ ಹೋಗುವವನು ಎಂದು ಹಿಡಿಯುವುದನ್ನೇ ಬಿಟ್ಟೆ. ಟೆಸ್ಟ್ ಟೆನ್ಶನ್ ಬೇರೆ. ನೆಲದ ಮೇಲೆ ಬೋರಲು ಮಲಗಿ ಜೋರಾಗಿ ಓದಿಕೊಳ್ಳುತ್ತಿದ್ದೆ. ಮೂರನೇ ದಿನ ಮಂಚದ ಕೆಳಗಿಂದ ಮೂಗು ಬಂತು. ಐದನೇ ದಿನ ಮೊಣಕೈ ಮೂಸಿದ. ನಿನ್ನೆ ಸಂಜೆ ಪಕ್ಕಕ್ಕೇ ಬಂದು, ನಿಂತಲ್ಲೇ ದೊಪ್ಪನೆ ಮಗ್ಗುಲಿಗೆ ಬಿದ್ದ. ಕಾಲು ಚಾಚಿದ, ಕಣ್ಣು ತೇಲಿಸಿದ.

ಸತ್ತೇ ಹೋದ ಅಂದುಕೊಂಡೆ. ಲ್ಯಾಬಿನಲ್ಲಿ ರಬ್ಬರ್ ಗೊಂಬೆಯ ಮೇಲೆ ಕಲಿಸಿದ್ದು ನೆನಪಾಗಿ ಎರಡು ಬೆರಳಿನಿಂದ ಅವನ ಎದೆ ಒತ್ತತೊಡಗಿದೆ. ಮೂರನೇ ಒತ್ತಿಗೆ ಎದ್ದು ಕಚ್ಚಿದ! ಆದರೂ ಧೈರ್ಯ ಸಾಲದೆ ಏಪ್ರನ್ನಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಡಾಕ್ಟರ ಬಳಿಗೆ ಓಡಿದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ‘ಚೆನ್ನಾಗಿರೋ ಮೊಲನ ಬದುಕ್ಸೋಕೆ ಹೋಗಿದ್ದೀಯಲ್ಲಮ್ಮ! ಪಕ್ಕದಲ್ಲಿರೋರ ಮೇಲೆ ನಂಬಿಕೆ ಬಂದ್ರೇನೇ ಅದು ಹಾಗೆ ಬಿದ್ಕೊಳ್ಳೋದು. ಮೇಲಿಂದ ಬಂದು ಎತ್ತಿದ್ರೆ ಹದ್ದು ಅನ್ಕೊಳ್ಳತ್ತೆ. ಸುಮ್ನೆ ಹತ್ರ ಇರು, ಅದೇ ಬರತ್ತೆ’ ಅಂದರು.

ವಾಪಸ್ ಬರುವ ದಾರಿಯುದ್ದಕ್ಕೂ ನಿಮ್ಮದೇ ನೆನಪು. ಅಪ್ಪ ನಿಮ್ಮನ್ನು ಮದುವೆಯಾಗಿ ನಾಲ್ಕು ವರ್ಷ. ಪ್ರತಿ ರಜೆಯಲ್ಲೂ ನಾನು ಕೋಣೆ ಸೇರಿಕೊಂಡರೆ ನೀವು ಬಟಾಣಿ ಬುಟ್ಟಿ ತಂದು ಬಾಗಿಲ ಹೊರಗೆ ನೆಲದ ಮೇಲೆ ಕೂತು ಸುಲಿಯುತ್ತಿದ್ದಿರಿ. ಒಳಗೆ ಇಣುಕಿದವರಲ್ಲ, ಮಾತಿಗೆ ಎಳೆದವರಲ್ಲ. ಇವರಿಗೆ ನನ್ನ ಗೊಡವೆಯೇ ಇಲ್ಲ ಅಂದುಕೊಂಡಿದ್ದೆ. ಅಡುಗೆಮನೆಯಲ್ಲಿ ಅಷ್ಟು ಜಾಗವಿದ್ದೂ ಅಲ್ಲೇ ಯಾಕೆ ಕೂರುತ್ತಿದ್ದಿರಿ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಶನಿವಾರ ಅಪ್ಪ ಬರಲಿ. ಆದರೆ ಕರೆದುಕೊಂಡು ಹೋಗುವುದಾದರೆ ನಮ್ಮಿಬ್ಬರನ್ನೂ. ಎರಡು ದಿನ ರಜೆಯಿದೆ. ಬಟಾಣಿ ತರಿಸಿಡಿ. ನಾನೂ ಸುಲಿಯುತ್ತೇನೆ.

ನಿಮ್ಮ ಮಗಳು

ವಿ.ಸೂ.: ‘ನಿಮ್ಮ ಮಗಳು’ ಅನ್ನುವುದರ ಮೇಲ್ಗಡೆ ಗೀಚಿ ಹೊಡೆದುಹಾಕಿರುವುದು ನನ್ನ ಹೆಸರು. ಮೊದಲು ಅಭ್ಯಾಸದಂತೆ ಅಷ್ಟೇ ಬರೆದಿದ್ದೆ. ನಮ್ಮ ಓನರ್ ಆಂಟಿ ನಾಳೆ ಆ ಕಡೆ ಬರುತ್ತಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಓದಿದ ತಕ್ಷಣ ಫೋನ್ ಮಾಡಿ. ಈ ಸಲ ಬರೀ ಹೂಂ ಅನ್ನುವುದಿಲ್ಲ. ದಯವಿಟ್ಟು ಬೇಗ ಉತ್ತರ ಕೊಡಿ.